ಹಾಯಿದೋಣಿ ನೀರು ಕುಡಿದಿದೆಯಾ? ಒಳಗಿನ ಫೋಮ್ ಕೀಳುವ ಮೊದಲು ಇಷ್ಟು ನೋಡಿ

ಆಲಮಟ್ಟಿ ಹಿನ್ನೀರಿನ ಅನಗವಾಡಿ ಸೇತುವೆ ಹತ್ತಿರ ನಮ್ಮ ದೋಣಿಯನ್ನು ದಂಡೆಗೆ ಎಳೆಯಲು ಯಾವಾಗಲೂ ಇಬ್ಬರು ಸಾಕಿತ್ತು. ನಾನು, ನನ್ನ ಅಣ್ಣನ ಮಗ. ಹೋದ ಡಿಸೆಂಬರ್‌ನಲ್ಲಿ ಇಬ್ಬರೂ ಜಗ್ಗಿದರೂ ಅದು ಕದಲಲಿಲ್ಲ. "ಕಾಕಾ, ಇದು ಯಾಕ ಇಷ್ಟು ಭಾರ ಆಗೇತಿ?" ಅಂದ. ಪಕ್ಕದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಮೀನುಗಾರರೊಬ್ಬರು ತಲೆ ಎತ್ತಿ, "ನೀರು ಕುಡದೈತ್ರೀ ಅದು. ಒಳಗ ನೋಡ್ರಿ" ಅಂದರು.

ಅವರು ಹೇಳಿದ್ದು ನಿಜ. ಆದರೆ ಎಷ್ಟು ಕುಡಿದಿದೆ, ಎಲ್ಲಿಂದ ಕುಡಿದಿದೆ ಅಂತ ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಫೋಮ್ ಬದಲಿಸಲು ಹಿಡಿದದ್ದು ಮೂರೇ ದಿನ. ಅದಕ್ಕೇ ಈ ಬರಹದಲ್ಲಿ ಹುಡುಕುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಮ್ಮದು 13 ಅಡಿಯ ಫೈಬರ್ ಹಾಯಿದೋಣಿ. ಗೋವಾದಿಂದ ಹಳೆಯದನ್ನು ತಂದದ್ದು. ಮುಂದೆ ಮೂತಿಯಲ್ಲಿ ಒಂದು ಮುಚ್ಚಿದ ಖಾನೆ, ಎರಡೂ ಬದಿಯ ಕೂರುವ ಕಟ್ಟೆಗಳ ಒಳಗೆ ಒಂದೊಂದು, ಹಿಂದೆ ಚುಕ್ಕಾಣಿಯ ಕೆಳಗೆ ಒಂದು. ನಾಲ್ಕರಲ್ಲೂ ಹಳದಿ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿತ್ತು.

ಈ ಫೋಮ್ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಮರದ ದೋಣಿ ನೀರು ತುಂಬಿದರೂ ಸಾಮಾನ್ಯವಾಗಿ ತೇಲುತ್ತದೆ, ಮರವೇ ಹಗುರ. ಫೈಬರ್ ಹಾಗಲ್ಲ. ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಒಳಗಿನ ಗಾಳಿಯ ಜಾಗಕ್ಕೆ ನೀರು ಬಂದರೆ ನೇರ ತಳಕ್ಕೆ ಹೋಗುತ್ತದೆ. ಆಲಮಟ್ಟಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ಪೂರ್ತಿ ತುಂಬಿದಾಗ ನಮ್ಮ ಕಡೆ ಹಿನ್ನೀರು ಎಷ್ಟು ಅಗಲ ಆಗುತ್ತದೆ ಅಂತ ನೋಡಿದವರಿಗೆ ಗೊತ್ತು. ನಡುವೆ ದೋಣಿ ಮುಗುಚಿದರೆ ಈಜಿ ದಡ ಸೇರುವ ಮಾತು ಬಿಡಿ. ದೋಣಿಯನ್ನು ಹಿಡಿದುಕೊಂಡು ಇರಬೇಕು, ಅದು ತೇಲಲೇಬೇಕು. ಲೈಫ್ ಜಾಕೆಟ್ ಆದ ಮೇಲೆ ನಮ್ಮನ್ನು ಕಾಯುವುದು ಈ ಫೋಮ್ ಒಂದೇ.

ಮೊದಲು ತೂಕ

ದೋಣಿ ಭಾರ ಅನ್ನಿಸಿದರೆ ಫೋಮ್ ಮೇಲೆ ಅನುಮಾನ ಪಡುವ ಮೊದಲು ತೂಗಿ. ಕೈಗೆ ಭಾರ ಅನ್ನಿಸುವುದಕ್ಕೂ ತಕ್ಕಡಿ ಹೇಳುವುದಕ್ಕೂ ವ್ಯತ್ಯಾಸ ಇರುತ್ತದೆ. ಬೆಲ್ಲದ ಪೆಂಟೆ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಒಂದು ಸಿಕ್ಕರೆ ಸಾಕು. ಮುಂದಿನ ತುದಿಯ ಹತ್ತಿರ ಒಂದು ಗುರುತು, ಹಿಂದಿನ ತುದಿಯ ಹತ್ತಿರ ಒಂದು ಗುರುತು ಬಣ್ಣದಲ್ಲಿ ಹಾಕಿ. ಮುಂದಿನ ಗುರುತು ಕಾಟಾ ಮೇಲೆ, ಹಿಂದಿನದು ಅಷ್ಟೇ ಎತ್ತರದ ಕಟ್ಟಿಗೆಯ ಮೇಲೆ ಇಟ್ಟು ಒಮ್ಮೆ ಓದಿ. ಆಮೇಲೆ ಅದಲು ಬದಲು ಮಾಡಿ ಮತ್ತೊಮ್ಮೆ ಓದಿ. ಎರಡನ್ನೂ ಕೂಡಿಸಿದರೆ ಪೂರ್ತಿ ತೂಕ. ಕಂಬ, ಹಾಯಿ, ಚುಕ್ಕಾಣಿ, ನಡುವಿನಿಂದ ನೀರಿಗೆ ಇಳಿಬಿಡುವ ಕಬ್ಬಿಣದ ಹಲಗೆ (ನಡುಹಲಗೆ) ಎಲ್ಲ ತೆಗೆದಿಟ್ಟು ತೂಗಬೇಕು.

ಇಲ್ಲಿ ಒಂದು ಲಾಭ ಇದೆ. ತೂಕ ಎಷ್ಟು ಹೆಚ್ಚಾಗಿದೆ ಅನ್ನುವುದರ ಜೊತೆಗೆ ಯಾವ ಕಡೆ ಹೆಚ್ಚಾಗಿದೆ ಅನ್ನುವುದೂ ತಿಳಿಯುತ್ತದೆ. ನಾವು ದೋಣಿ ತಂದಾಗ ತೂಗಿ ಬರೆದಿಟ್ಟಿದ್ದೆವು. ಮುಂದೆ 36, ಹಿಂದೆ 46, ಒಟ್ಟು 82 ಕೆ.ಜಿ. ಈ ಸಲ ಮುಂದೆ 38, ಹಿಂದೆ 79, ಒಟ್ಟು 117. ಮೂವತ್ತೈದು ಕೆ.ಜಿ. ನೀರು, ಅದೂ ಹೆಚ್ಚುಕಡಿಮೆ ಎಲ್ಲ ಹಿಂದಿನ ಖಾನೆಯಲ್ಲಿ. ಒಂದು ಮುಚ್ಚಳ ತೆಗೆಯದೆ ಇಷ್ಟು ಗೊತ್ತಾಯಿತು. ಆಮೇಲೆ ದೋಣಿಯನ್ನು ನಡುಗೆರೆಯ ಮೇಲೆ ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟು ನೋಡಿದೆವು. ಪ್ರತಿ ಸಲವೂ ಬಲಕ್ಕೇ ವಾಲಿತು.

ನಿಮ್ಮ ಹತ್ತಿರ ಹಳೆಯ ತೂಕ ಬರೆದಿಲ್ಲ ಅಂದರೆ ಅದೇ ಮಾದರಿಯ ಬೇರೆ ದೋಣಿಯ ತೂಕ ಹುಡುಕಿ. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಯಾದರೆ ಒಡಲು 35 ಕೆ.ಜಿ.ಯಷ್ಟೇ ಇರಬೇಕು. ಅದರಲ್ಲಿ ಫೋಮ್ ಬದಲು ಮೂರು ಗಾಳಿಚೀಲ ಇರುತ್ತವೆ, ಹಾಗಾಗಿ ಈ ರೋಗ ಅದಕ್ಕೆ ಅಷ್ಟಾಗಿ ಬರಲ್ಲ.

ನೀರು ಸುಮ್ನೆ ನಿಂತಿದೆಯಾ, ಫೋಮ್ ಒಳಗೆ ಹೋಗಿದೆಯಾ?

ಇವೆರಡೂ ಬೇರೆ ಬೇರೆ. ದೋಣಿಯನ್ನು ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅಂದರೆ ನೀರು ಬಿಡಿಯಾಗಿ ನಿಂತಿದೆ. ತೂತಿನ ಬಿರಡೆ ತೆಗೆದು, ಮೂತಿ ಎತ್ತಿ ಒಂದು ರಾತ್ರಿ ಬಿಟ್ಟರೆ ಹರಿದು ಹೋಗುತ್ತದೆ. ನಮ್ಮದರಲ್ಲಿ ಅರ್ಧ ಬಕೆಟ್ ಕೂಡ ಬರಲಿಲ್ಲ. ಶಬ್ದವೂ ಇರಲಿಲ್ಲ. ಭಾರ ಇದೆ, ಶಬ್ದ ಇಲ್ಲ, ಬಿರಡೆ ತೆಗೆದರೆ ನೀರು ಬರಲ್ಲ ಅಂದರೆ ನೀರು ಫೋಮ್ ಒಳಗೇ ಕೂತಿದೆ.

ಮೂರನೆಯ ಸಾಧ್ಯತೆಯನ್ನೂ ಮರೆಯಬೇಡಿ. ಡೆಕ್ಕಿನ ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಅದು ಕೊಳೆತರೂ ತೂಕ ಏರುತ್ತದೆ. ಚಮಚದ ಹಿಂಭಾಗದಿಂದ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಟಕ್, ಕೊಳೆತಲ್ಲಿ ಮಂದ ಸದ್ದು. ಹೆಬ್ಬೆರಳು ಒತ್ತಿದರೆ ಸ್ವಲ್ಪ ತಗ್ಗುತ್ತದೆ. ನಮ್ಮ ದೋಣಿಯಲ್ಲಿ ಹಿಂದಿನ ಗೋಡೆಯ ಒಂದು ಮೂಲೆಯಲ್ಲಿ ಆ ಮಂದ ಸದ್ದು ಬಂತು. ಆಗ ಅದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕೊನೆಗೆ ಕಳ್ಳ ಸಿಕ್ಕಿದ್ದು ಅಲ್ಲೇ.

ಒಂದು ಲೀಟರ್ ಫೋಮ್ ಕತ್ತರಿಸಿ

ಅನುಮಾನ ಇರುವ ಖಾನೆಗೆ ಒಳಗಡೆಯಿಂದ ಒಂದು ರಂಧ್ರ ಮಾಡಬೇಕಾಗುತ್ತದೆ. ನೀರಿಗೆ ತಾಗುವ ಹೊರಮೈಗೆ ಮಾತ್ರ ಕೈ ಹಚ್ಚಬೇಡಿ. ಕೂರುವ ಕಟ್ಟೆಯ ಮೇಲ್ಭಾಗ ಅಥವಾ ಒಳಗೋಡೆಯಲ್ಲಿ 6 ಇಂಚಿನ ರಂಧ್ರ ಕೊರೆಯಿರಿ. ಆಮೇಲೆ ಅದಕ್ಕೇ ತಿರುಪಿನ ಮುಚ್ಚಳ ಕೂರಿಸಿದರೆ ಮುಂದೆ ವರ್ಷ ವರ್ಷ ಒಳಗೆ ನೋಡಲೂ ಆಗುತ್ತದೆ.

ಉದ್ದ ಚಾಕುವಿನಿಂದ 10 ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ತುಂಡು ಕತ್ತರಿಸಿ ತೆಗೆಯಿರಿ. ಸರಿಯಾಗಿ ಒಂದು ಲೀಟರ್. ಅದನ್ನು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಇಡಿ. ದೋಣಿಗೆ ಹಾಕುವ ಸಾಮಾನ್ಯ ಪಿಯು ಫೋಮ್ ಒಂದು ಘನ ಮೀಟರಿಗೆ ಸುಮಾರು 32 ಕೆ.ಜಿ. ಇರುತ್ತದೆ. ಅಂದರೆ ಒಣಗಿದ ಒಂದು ಲೀಟರ್ ತುಂಡು 32 ಗ್ರಾಂ ಆಸುಪಾಸು ತೂಗಬೇಕು.

ನಾನು ಮುಂದಿನ ಖಾನೆಯಿಂದ ತೆಗೆದ ತುಂಡು 36 ಗ್ರಾಂ ಬಂತು. ಬೆರಳಲ್ಲಿ ಒತ್ತಿದರೆ ಪುಡಿ ಆಯಿತು, ಒಣ ಧೂಳಿನ ವಾಸನೆ. ಹಿಂದಿನ ಖಾನೆಯ ಬಲಬದಿಯ ತುಂಡು 410 ಗ್ರಾಂ! ಬಣ್ಣ ಬೆಲ್ಲದ ಹಾಗೆ ಕಂದು. ಹಿಂಡಿದರೆ ಸ್ಪಂಜಿನ ಹಾಗೆ ನೀರು ಬರಲಿಲ್ಲ, ಸುಮ್ನೆ ಅಂಗೈ ಒದ್ದೆಯಾಯಿತು. ಹಳ್ಳದ ಕೆಸರಿನ ವಾಸನೆ. ಈ ಒಂದು ಸಂಗತಿ ಗಮನಿಸಿ. ಹಿಂಡಿದರೆ ನೀರು ಸುರಿಯಲಿಲ್ಲ ಅಂತ ಫೋಮ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ನೀರು ಸಾವಿರಾರು ಸಣ್ಣ ಗುಳ್ಳೆಗಳ ಒಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ತಕ್ಕಡಿಯನ್ನೇ ನಂಬಿ. ನಮ್ಮ ಹಿಂದಿನ ಖಾನೆಯಲ್ಲಿ ಸುಮಾರು 90 ಲೀಟರ್ ಫೋಮ್. ಮೇಲಿನ ಭಾಗ ಸ್ವಲ್ಪ ಒಣಗಿತ್ತು, ತಳ ತೋಯ್ದಿತ್ತು. ಕಾಣೆಯಾದ 35 ಕೆ.ಜಿ. ಲೆಕ್ಕ ಅಲ್ಲಿಗೆ ಸರಿಹೋಯಿತು.

ಬಿಸಿಲಿಗೆ ಇಟ್ಟರೆ ಒಣಗಲ್ವಾ ಅಂತ ಎಲ್ಲರೂ ಕೇಳಿದರು. ನಾನೂ ಹಾಗೇ ಅಂದುಕೊಂಡು ಮುಚ್ಚಳ ತೆಗೆದು ಮೂರು ವಾರ ಬಿಸಿಲಿಗೆ ಬಿಟ್ಟೆ. ಇಳಿದದ್ದು ಬರೀ 2 ಕೆ.ಜಿ. ಗುಳ್ಳೆಯ ಗೋಡೆ ದಾಟಿ ಒಳಗೆ ಹೋದ ನೀರು ಅದೇ ದಾರಿಯಲ್ಲಿ ಹೊರಗೆ ಬರಬೇಕು. ಅದಕ್ಕೆ ವರ್ಷಗಳು ಬೇಕು. ತೋಯ್ದ ಫೋಮ್ ಕಿತ್ತು ಹಾಕಬೇಕು, ಬೇರೆ ದಾರಿ ಇಲ್ಲ.

ಆದರೆ ಈಗಲೇ ಕೀಳಬೇಡಿ.

ನೀರಿನ ದಾರಿ

ಒಳ್ಳೆಯ ಫೋಮ್ ಒಂದೆರಡು ಸಲ ತೋಯ್ದರೆ ಕೆಡಲ್ಲ. ತಿಂಗಳುಗಟ್ಟಲೆ ನೀರಲ್ಲಿ ಕೂತರೆ ಕೆಡುತ್ತದೆ. ಹಾಗಾಗಿ ಫೋಮ್ ಕೆಟ್ಟಿದೆ ಅಂದರೆ ಎಲ್ಲೋ ಒಂದು ಕಡೆಯಿಂದ ನೀರು ದಿನಾ ಬರುತ್ತಿದೆ ಅಂತ ಅರ್ಥ. ಆ ದಾರಿ ಮುಚ್ಚದೆ ಹೊಸ ಫೋಮ್ ಹಾಕಿದರೆ ಅದೂ ಕುಡಿಯುತ್ತದೆ. ನಮ್ಮ ದೋಣಿಯಲ್ಲಿ ಇದಕ್ಕೆ ಸಾಕ್ಷಿ ಸಿಕ್ಕಿತು. ಹಿಂದಿನ ಖಾನೆಯಲ್ಲಿ ಎರಡು ಬಣ್ಣದ ಫೋಮ್ ಇತ್ತು. ಸುತ್ತ ಹಳೆಯ ಹಳದಿ, ಬಲ ಮೂಲೆಯಲ್ಲಿ ಕೇಸರಿ ಛಾಯೆಯ ಬೇರೆ ಫೋಮ್. ಬಾಗಿಲ ಚೌಕಟ್ಟಿನ ಸಂದಿ ಮುಚ್ಚಲು ಡಬ್ಬಿಯಿಂದ ಸ್ಪ್ರೇ ಮಾಡುತ್ತಾರಲ್ಲ, ಅದು. ನಮಗಿಂತ ಮೊದಲಿನವರು ಇದೇ ರೋಗ ನೋಡಿ, ಕಿತ್ತು, ಮತ್ತೆ ತುಂಬಿದ್ದರು. ನೀರಿನ ದಾರಿ ಮಾತ್ರ ಹಾಗೇ ಬಿಟ್ಟಿದ್ದರು. ಆ ಡಬ್ಬಿ ಫೋಮ್ ಈ ಕೆಲಸಕ್ಕೆ ಬರುವುದೂ ಇಲ್ಲ. ಅದು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಮುಚ್ಚಿದ ಖಾನೆಯ ಒಳಗೆ ದಪ್ಪಗೆ ಹಾಕಿದರೆ ನಡುವೆ ಹಸಿಯಾಗಿಯೇ ಉಳಿಯುತ್ತದೆ.

ದಾರಿ ಹುಡುಕಲು ಗಾಳಿ ಮತ್ತು ಸೋಪಿನ ನೀರು ಸಾಕು. ಖಾನೆಯ ಬಿರಡೆ ತೂತಿಗೆ ಎರಡು ಕಡೆ ಕವಲೊಡೆಯುವ ಒಂದು ಸಣ್ಣ ಟಿ ಆಕಾರದ ಪೈಪ್ ಜೋಡಿಸಿ. ಒಂದು ಕಡೆ ಸೈಕಲ್ ಪಂಪ್. ಇನ್ನೊಂದು ಕಡೆ ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪ್, ಅರ್ಧ ನೀರು ತುಂಬಿ ಇಂಗ್ಲಿಷಿನ ಯು ಅಕ್ಷರದ ಹಾಗೆ ಗೋಡೆಗೆ ಕಟ್ಟಿ. ನಿಧಾನಕ್ಕೆ ಗಾಳಿ ಬಿಟ್ಟರೆ ಪೈಪಿನ ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ. ಎರಡೂ ಮಟ್ಟದ ನಡುವೆ 5 ಸೆಂ.ಮೀ. ಬಂದ ಕೂಡಲೇ ನಿಲ್ಲಿಸಿ.

ಇಷ್ಟು ಕಮ್ಮಿ ಸಾಕಾ ಅನ್ನಿಸಬಹುದು. 10 ಸೆಂ.ಮೀ. ನೀರಿನ ಒತ್ತಡ ಅಂದರೆ ಒಂದು ಚದರ ಮೀಟರ್ ಡೆಕ್ಕಿನ ಮೇಲೆ ಒಳಗಿನಿಂದ 100 ಕೆ.ಜಿ. ದೂಡಿದ ಹಾಗೆ. 5 ಸೆಂ.ಮೀ. ಅಂದರೂ 50 ಕೆ.ಜಿ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಹಚ್ಚಿದರೆ ಡೆಕ್ ಜೋಡಣೆಯಿಂದ ಕಿತ್ತು ಬರುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗ ಪಾತ್ರೆ ಸೋಪು ಕದಡಿದ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಬನ್ನಿ. ಒಡಲಿಗೂ ಡೆಕ್ಕಿಗೂ ನಡುವಿನ ಜೋಡಣೆ, ನಡುಹಲಗೆ ಇಳಿಯುವ ಪೆಟ್ಟಿಗೆಯ ಸುತ್ತ, ಕಂಬ ಕೂರುವ ಗುಳಿ, ಅಂಚಿನ ರಬ್ಬರ್ ಪಟ್ಟಿಯ ಸ್ಕ್ರೂಗಳು, ರಿವೆಟ್‌ಗಳು, ಬಿರಡೆಯ ವಾಷರ್, ಚುಕ್ಕಾಣಿಯ ಕೀಲುಗಳ ಬೋಲ್ಟ್. ಹಿನ್ನೀರು ಇಳಿದಾಗ ಮುಳುಗಿದ ಜಾಲಿ ಬೊಡ್ಡೆಗಳು ಮೇಲೆ ಬರುತ್ತವೆ, ಅವು ತಳಕ್ಕೆ ಉಜ್ಜಿದ ಗೀರುಗಳನ್ನೂ ಬಿಡಬೇಡಿ.

ನನಗೆ ಮೊದಲಿಂದಲೂ ಬಿರಡೆಯ ಮೇಲೆ ಅನುಮಾನ. ಅದರ ವಾಷರ್ ಒಣಗಿ ಬಿರುಕು ಬಿಟ್ಟಿತ್ತು. ಹೊಸ ವಾಷರ್ ಹಾಕಿದೆ. ಆದರೂ ಪೈಪಿನ ನೀರು ಒಂದು ನಿಮಿಷದಲ್ಲಿ ಸಮ ಆಗಿಬಿಡುತ್ತಿತ್ತು. ಚುಕ್ಕಾಣಿಯ ಕೆಳಗಿನ ಕೀಲಿಗೆ ಸೋಪು ಹಚ್ಚಿದಾಗ ಬಲಗಡೆಯ ಬೋಲ್ಟಿನ ಸುತ್ತ ಸಣ್ಣ ಗುಳ್ಳೆಗಳು ಮೂಡಿದವು. ಜೇನುಗೂಡಿನ ಹಾಗೆ ಒಂದರ ಮೇಲೊಂದು ಬೆಳೆಯುತ್ತಾ ಹೋದವು. ಅಣ್ಣನ ಮಗ ಚುಕ್ಕಾಣಿ ಹಾಕಿ ಸ್ವಲ್ಪ ಅಲುಗಾಡಿಸಿದ. ಗುಳ್ಳೆ ದೊಡ್ಡದಾದವು. "ಇಲ್ಲೇ ಐತಿ ಕಾಕಾ!" ಅಂದ.

ಮಂದ ಸದ್ದು ಬಂದದ್ದೂ ಅದೇ ಮೂಲೆ. ಬೋಲ್ಟ್ ಬಿಚ್ಚಿದರೆ ಅದರ ಹಿಂದಿನ ಪ್ಲೈವುಡ್ ಕಪ್ಪಾಗಿ ಕೊಳೆತಿತ್ತು. ಮರ ಮೆತ್ತಗಾಗಿ ಬೋಲ್ಟ್ ಸಡಿಲ, ಸಡಿಲವಾದ್ದಕ್ಕೆ ನೀರು, ನೀರಿನಿಂದ ಮತ್ತಷ್ಟು ಕೊಳೆ. ದೋಣಿ ನೀರಲ್ಲಿದ್ದಾಗ ಆ ಬೋಲ್ಟ್ ಯಾವಾಗಲೂ ಮುಳುಗಿರುತ್ತದೆ. ಹಾಗಾಗಿ ಹನಿ ಹನಿಯಾಗಿ ಬರುತ್ತಲೇ ಇತ್ತು.

ಕೊಳೆತ ಪ್ಲೈ ತೆಗೆದು, ಒಳಗಡೆಯಿಂದ ಹೊಸ ಮರೈನ್ ಪ್ಲೈ ಕೂರಿಸಿ ಫೈಬರ್ ಹೊದಿಸಿದೆವು. ಬೋಲ್ಟಿನ ರಂಧ್ರಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆದೆವು. ಹೀಗೆ ಮಾಡಿದರೆ ಬೋಲ್ಟಿನಿಂದ ನೀರು ಬಂದರೂ ಮರಕ್ಕೆ ತಾಗಲ್ಲ. ಬಚ್ಚಲುಮನೆಗೆ ಹಚ್ಚುವ ಸಿಲಿಕಾನ್ ಇಲ್ಲಿ ಬೇಡ. ಒಮ್ಮೆ ಅದರ ಜಿಡ್ಡು ಕೂತರೆ ಮುಂದೆ ಅಲ್ಲಿ ಬಣ್ಣವೂ ರೆಸಿನ್ನೂ ಹಿಡಿಯಲ್ಲ. ಪಾಲಿಯುರೆಥೇನ್ ಸೀಲಂಟ್ ಹಚ್ಚಿ.

ಕೀಳುವುದು, ತುಂಬುವುದು

ಕೀಳಲು ಕುರ್ಪಿ ಮತ್ತು ಉದ್ದ ಚಾಕು ಸಾಕು. ಮುಖಕ್ಕೆ ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಪೆಟ್ರೋಲ್, ಥಿನ್ನರ್ ಹಾಕಿ ಕರಗಿಸಲು ಹೋಗಬೇಡಿ. ಕಿತ್ತ ಫೋಮ್ ಸುಡಲೇಬೇಡಿ, ಪಿಯು ಸುಟ್ಟಾಗ ಸಯನೈಡ್ ವಿಷಗಾಳಿ ಬರುತ್ತದೆ. ದಂಡೆಯಲ್ಲಿ ಚೆಲ್ಲಬೇಡಿ, ಮೀನೂ ಹಕ್ಕಿಯೂ ತಿನ್ನುತ್ತವೆ. ಗೊಬ್ಬರದ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡಿ.

ಕೀಳುವಾಗ ಒಂದು ಮುಖ್ಯ ಪ್ರಶ್ನೆ. ಆ ಫೋಮ್ ಬರೀ ತೇಲಿಸುತ್ತಿತ್ತಾ, ಅಥವಾ ಮೇಲಿನ ಹಲಗೆಯನ್ನು ಹೊತ್ತುಕೊಂಡೂ ಇತ್ತಾ? ಖಾಲಿ ಮಾಡಿದ ಮೇಲೆ ಕಟ್ಟೆಯ ಮೇಲೆ ಕೂತು ನೋಡಿ. ಬಗ್ಗಿದರೆ ಒಳಗೆ ಒಂದೆರಡು ಅಡ್ಡಪಟ್ಟಿ ಕೊಡಬೇಕು. ನಮ್ಮದು ಬಗ್ಗಲಿಲ್ಲ.

ಎಷ್ಟು ಫೋಮ್ ಬೇಕು? ಲೆಕ್ಕ ಕಷ್ಟ ಅಲ್ಲ. ನೀರಲ್ಲಿ ಮುಳುಗಿದ ಫೈಬರ್ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಕೆಳಗೆ ಎಳೆಯುತ್ತದೆ. ಅಲ್ಯುಮಿನಿಯಂ ಸುಮಾರು 0.63 ಭಾಗ, ಕಬ್ಬಿಣ 0.88 ಭಾಗ. ನಮ್ಮ 82 ಕೆ.ಜಿ. ಒಡಲಿಗೆ 27, ಕಂಬದ 11 ಕೆ.ಜಿ.ಗೆ 7, ಕಬ್ಬಿಣದ ಹಲಗೆಯ 14 ಕೆ.ಜಿ.ಗೆ 12. ಒಟ್ಟು 46 ಕೆ.ಜಿ. ಒಂದು ಲೀಟರ್ ಒಣ ಫೋಮ್ ಸುಮಾರು 970 ಗ್ರಾಂ ಎತ್ತುತ್ತದೆ. ಅಂದರೆ ದೋಣಿ ತಳ ಸೇರದಿರಲು 50 ಲೀಟರ್ ಸಾಕು. ಆದರೆ ಅಷ್ಟಕ್ಕೇ ಬಿಟ್ಟರೆ ಅಂಚು ನೀರಿನ ಮಟ್ಟದಲ್ಲೇ ಇರುತ್ತದೆ, ಇಬ್ಬರು ಏರಿ ನೀರು ತೋಡಿ ಹಾಕಲು ಆಗಲ್ಲ. ಅದಕ್ಕೆ ನಾವು ನಾಲ್ಕೂ ಖಾನೆ ಸೇರಿ 250 ಲೀಟರ್ ಇಟ್ಟುಕೊಂಡೆವು.

ಎಲ್ಲಿ ಇಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಎಲ್ಲವನ್ನೂ ತಳದಲ್ಲಿಟ್ಟರೆ ನೀರು ತುಂಬಿದ ದೋಣಿ ಮಗುಚಿ ತಲೆಕೆಳಗಾಗುತ್ತದೆ. ಬದಿಗಳಲ್ಲಿ ಎತ್ತರಕ್ಕಿದ್ದರೆ ನೆಟ್ಟಗೆ ನಿಲ್ಲುತ್ತದೆ. ಹಾಗಂತ ಬದಿಗಳಲ್ಲಿ ಅತಿ ಮಾಡಿದರೂ ಹಾಯಿದೋಣಿಗೆ ತೊಂದರೆ. ಅಡ್ಡ ಬಿದ್ದಾಗ ತುಂಬಾ ಮೇಲೆ ತೇಲಿ, ನಡುಹಲಗೆ ಕೈಗೆ ಸಿಗದೆ, ಗಾಳಿಗೆ ನಮ್ಮಿಂದ ದೂರ ಹೋಗಿಬಿಡುತ್ತದೆ.

ಏನು ತುಂಬಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಖಚಿತ. ಸುರಿಯುವ ಫೋಮ್ ಬೇಡ, ಕತ್ತರಿಸಿ ಇಡುವ ಎಕ್ಸ್‌ಪಿಎಸ್ ಹಾಳೆ ಬೇಕು. ತಾರಸಿಯ ಬಿಸಿಲು ತಡೆಯಲು ಹಾಕುವ ಗಟ್ಟಿ ಬಣ್ಣದ ಹಾಳೆ ಅದು. ಥರ್ಮಾಕೋಲ್‌ನಂತೆ ಮಣಿಗಳ ನಡುವೆ ಸಂದಿ ಇರಲ್ಲ, ನೀರು ಹೀರುವುದು ಬಹಳ ಕಮ್ಮಿ. ಹಾಳೆಗಳನ್ನು ಖಾನೆಯ ಆಕಾರಕ್ಕೆ ಕತ್ತರಿಸಿ, ಕೆಳಗೆ 2 ಸೆಂ.ಮೀ. ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಇಟ್ಟೆವು. ನೀರು ಬಂದರೂ ಅಡಿಯಲ್ಲಿ ಹರಿದು ಬಿರಡೆಗೆ ಹೋಗುತ್ತದೆ, ಫೋಮ್ ಅದರಲ್ಲಿ ಕೂರಲ್ಲ. 90 ಲೀಟರ್ ಜಾಗದಲ್ಲಿ 75 ಲೀಟರ್ ಹಿಡಿಯಿತು. ಉಳಿದದ್ದು ಗಾಳಿ. ಬೇಕೆಂದಾಗ ಹೊರಗೆ ತೆಗೆದು ನೋಡಬಹುದು, ನನಗೆ ಅದೇ ದೊಡ್ಡ ಸಮಾಧಾನ. ಒಂದು ಎಚ್ಚರಿಕೆ ಇದೆ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಎಕ್ಸ್‌ಪಿಎಸ್, ಥರ್ಮಾಕೋಲ್ ಎರಡೂ ಕರಗಿ ಹೋಗುತ್ತವೆ. ಹತ್ತಿರದಲ್ಲಿ ಫೈಬರ್ ಕೆಲಸ ಇದ್ದರೆ ಎಪಾಕ್ಸಿ ಬಳಸಿ.

ಕೈ ತೂರದ ಸಂದಿ ಇದ್ದು ಸುರಿಯುವ ಪಿಯು ಫೋಮೇ ಬೇಕು ಅಂದರೆ, ಎರಡು ದ್ರವ ಬೆರೆಸುವ, ಗುಳ್ಳೆ ಮುಚ್ಚಿರುವ ಜಾತಿಯದನ್ನೇ ಕೊಳ್ಳಿ. 90 ಲೀಟರಿಗೆ ಎರಡೂ ಸೇರಿ ಸುಮಾರು 3 ಕೆ.ಜಿ. ಸಾಕು. ಅದು 25–30 ಪಟ್ಟು ಉಬ್ಬುತ್ತದೆ. ಒಂದೇ ಸಲ ಸುರಿದು ಮುಚ್ಚಿದರೆ ಒಡಲೇ ಉಬ್ಬಿ ಬಿರುಕು ಬಿಡುತ್ತದೆ. ನಡುವೆ ಕಾವು ಏರಿ ಫೋಮ್ ಸುಟ್ಟು ಹೋಗಲೂಬಹುದು. ಸ್ವಲ್ಪ ಸ್ವಲ್ಪ ಸುರಿದು, ಪ್ರತಿ ಪದರ ತಣ್ಣಗಾಗಲು ಬಿಡಿ, ಗಾಳಿ ಹೋಗಲು ಮೇಲೆ ರಂಧ್ರ ಇರಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೆರೆಸುವ ಲೋಟದಲ್ಲೇ ಉಬ್ಬಲು ಶುರುವಾಗುತ್ತದೆ, ಬೆಳಗ್ಗೆ ತಂಪಲ್ಲಿ ಮಾಡಿ. ಖಾನೆ ಪೂರ್ತಿ ಒಣಗಿರಬೇಕು. ಅದರ ಆವಿ ಉಸಿರಿಗೆ ಕೆಟ್ಟದ್ದು, ಅಸ್ತಮಾ ಇದ್ದವರು ಹತ್ತಿರ ಬರಬಾರದು.

ದುಡ್ಡಿಲ್ಲ ಅಂದರೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿಗಳನ್ನು ಬಿರಡೆ ಬಿಗಿದು, ಬಲೆಯಲ್ಲಿ ಕಟ್ಟಿ ತುಂಬಿ. ಒಂದೊಂದೂ ಸುಮಾರು ಎರಡು ಕೆ.ಜಿ. ಎತ್ತುತ್ತದೆ. ಮೀನು ಹಿಡಿಯುವ ಫೈಬರ್ ದೋಣಿಗಳಿಗೂ ಇದು ಒಳ್ಳೆಯ ಉಪಾಯ, ವರ್ಷಕ್ಕೊಮ್ಮೆ ಬಿರಡೆ ನೋಡಿದರೆ ಆಯಿತು.

ಮುಳುಗಿಸಿ ನೋಡುವುದು

ಎಲ್ಲ ಮುಗಿದ ಮೇಲೆ ಮತ್ತೆ ಗಾಳಿ ಪರೀಕ್ಷೆ ಮಾಡಿದೆವು. ಲೆವೆಲ್ ಪೈಪಿನ 5 ಸೆಂ.ಮೀ. ಹತ್ತು ನಿಮಿಷ ಆದರೂ ಇಳಿಯಲಿಲ್ಲ. ತೂಗಿದರೆ ಮುಂದೆ 36, ಹಿಂದೆ 48, ಒಟ್ಟು 84. ಹೊಸ ಪ್ಲೈ ಮತ್ತು ಮುಚ್ಚಳದ 2 ಕೆ.ಜಿ. ಜಾಸ್ತಿ.

ಆಮೇಲೆ ಸೊಂಟದ ಮಟ್ಟದ ನೀರಿಗೆ ಒಯ್ದು, ಜಾಕೆಟ್ ಹಾಕಿಕೊಂಡು, ಬಕೆಟ್‌ನಿಂದ ದೋಣಿಗೆ ನಾವೇ ನೀರು ತುಂಬಿದೆವು. ಅಂಚು ನೀರಿನಿಂದ ಒಂದು ಗೇಣು ಮೇಲೆಯೇ ನಿಂತಿತು. ಇಬ್ಬರೂ ಏರಿ ಕೂತಾಗ ನಾಲ್ಕು ಬೆರಳು ಉಳಿಯಿತು. ಅಡ್ಡ ಬೀಳಿಸಿದೆವು, ಅಣ್ಣನ ಮಗ ಒಬ್ಬನೇ ನಡುಹಲಗೆ ಹಿಡಿದು ಜೋತುಬಿದ್ದು ಎತ್ತಿ ನಿಲ್ಲಿಸಿದ.

ಹಿಂದಿನ ಖಾನೆಯ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ತಾರೀಖು ಹಾಕಿ "36 + 48" ಅಂತ ಬರೆದಿದ್ದೇನೆ. ಮಳೆಗಾಲ ಮುಗಿದು ದೋಣಿ ಮೇಲೆ ಎಳೆದಾಗ ಅದರ ಕೆಳಗೆ ಮುಂದಿನ ಸಾಲು ಬರೆಯಬೇಕು.